ಮಕ್ಕಳ ಜೊತೆ ಮನೆಯಲ್ಲೇ ಸ್ಲೈಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆಯಲ್ಲಿ ಒಂದು ಸಲ, ಜೋರು ಮಳೆಗೆ ಶಾಲೆಗೆ ರಜೆ ಕೊಟ್ಟಾಗ ಇನ್ನೊಂದು ಸಲ, ಹಾಸನದ ನಮ್ಮ ಬಡಾವಣೆಯ ಮಕ್ಕಳಿಗೆ ಸ್ಲೈಮ್ ಹುಚ್ಚು ಹತ್ತುತ್ತದೆ. ಸ್ಲೈಮ್ ಅಂದರೆ ಎಳೆದರೆ ಉದ್ದಕ್ಕೆ ಬರುವ, ಲೋಳೆಯಂಥ ಆಟದ ಮುದ್ದೆ. ರಜೆಯಲ್ಲಿ ಮಕ್ಕಳಿಗೆ ಕ್ರಾಫ್ಟು, ಸಣ್ಣಪುಟ್ಟ ವಿಜ್ಞಾನದ ಆಟ ಹೇಳಿಕೊಡುವವಳು ನಾನು. ಹಾಗಾಗಿ ಅಮ್ಮಂದಿರ ಫೋನು ನನಗೇ ಬರುತ್ತದೆ. ಸಕಲೇಶಪುರ, ಅರಸೀಕೆರೆ, ಚಿಕ್ಕಮಗಳೂರಿನ ಕಡೆಯಿಂದಲೂ ವಾಟ್ಸಾಪ್‌ನಲ್ಲಿ ಅವೇ ಪ್ರಶ್ನೆಗಳು. ಒಂದೇ ಕಡೆ ಬರೆದಿಟ್ಟರೆ ಎಲ್ಲರಿಗೂ ಅನುಕೂಲ ಅನ್ನಿಸಿತು. ನನ್ನದೊಂದು ಷರತ್ತಿದೆ, ಮೊದಲೇ ಹೇಳಿಬಿಡುತ್ತೇನೆ. ಬಿಳಿಗಾರ (ಬೋರಾಕ್ಸ್) ದೊಡ್ಡವರ ಕೈಯಲ್ಲಿ, ಉಳಿದದ್ದೆಲ್ಲ ಮಕ್ಕಳ ಕೈಯಲ್ಲಿ.

ಸ್ಲೈಮ್ ಮಾಡಲು ಕನಿಷ್ಠ ಏನೇನು ಬೇಕು?

ಬಿಳಿ ಅಂಟು, ನೀರು, ಬಿಳಿಗಾರ. ಇಷ್ಟೇ. ಯೂಟ್ಯೂಬಿನಲ್ಲಿ ಉದ್ದನೆಯ ಸಾಮಾನಿನ ಪಟ್ಟಿ ನೋಡಿ ಗಾಬರಿಯಾಗಬೇಡಿ. ಮಕ್ಕಳು ಕ್ರಾಫ್ಟ್ ಪೀರಿಯಡ್‌ಗೆ ಒಯ್ಯುವ ಫೆವಿಕಾಲ್ ಎಂ.ಆರ್. ಬಾಟಲಿ ಸಾಕು. ಬಡಗಿಗಳು ಬಳಸುವ ದೊಡ್ಡ ಡಬ್ಬಿಯ ಅಂಟು ಬೇಡ, ಅದು ಮಕ್ಕಳ ಕೈಗೆಂದು ಮಾಡಿದ್ದಲ್ಲ. ಪಾರದರ್ಶಕ ಗಮ್‌ಗಳಲ್ಲಿ ಕೆಲವು ಕೂಡುತ್ತವೆ, ಕೆಲವು ಕೂಡುವುದಿಲ್ಲ. ಇಡೀ ಬಾಟಲಿ ಸುರಿಯುವ ಮೊದಲು ಒಂದು ಚಮಚ ಗಮ್‌ಗೆ ನಾಲ್ಕು ಹನಿ ಬಿಳಿಗಾರದ ನೀರು ಬಿಟ್ಟು ನೋಡಿ. ಫೆವಿಕ್ವಿಕ್, ಸೈಕಲ್ ಪಂಕ್ಚರ್ ಹಾಕುವ ಸೊಲ್ಯೂಷನ್ ಇವನ್ನು ಹತ್ತಿರಕ್ಕೂ ತರಬೇಡಿ.

ಒಂದು ಹಳೆ ಬಟ್ಟಲು, ಒಂದು ಹಳೆ ಚಮಚ, ಐಸ್‌ಕ್ರೀಮ್ ಕಡ್ಡಿ ಎತ್ತಿಡಿ. ಇವು ಮತ್ತೆ ಅಡುಗೆಮನೆಗೆ ಹೋಗಬಾರದು. ಡಬ್ಬಿಯ ಮೇಲೆ ‘ಸ್ಲೈಮ್’ ಅಂತ ಮಾರ್ಕರ್‌ನಲ್ಲಿ ಬರೆದುಬಿಡಿ, ಅತ್ತೆಯವರು ಗೊತ್ತಿಲ್ಲದೆ ಅದಕ್ಕೇ ಉಪ್ಪಿನಕಾಯಿ ತುಂಬಿಡುವುದು ತಪ್ಪುತ್ತದೆ.

ಬಿಳಿಗಾರ ಅಂದರೆ ಯಾವುದು? ಎಲ್ಲಿ ಸಿಗುತ್ತದೆ?

ಇಂಗ್ಲಿಷ್ ವಿಡಿಯೋಗಳಲ್ಲಿ ಬೋರಾಕ್ಸ್ ಅನ್ನುವುದು ಇದನ್ನೇ. ಗ್ರಂಥಿಗೆ ಅಂಗಡಿಯಲ್ಲಿ ಬಿಳಿಗಾರ ಎಂದು ಕೇಳಿದರೆ ಕೊಡುತ್ತಾರೆ. ಅಕ್ಕಸಾಲಿಗರು ಚಿನ್ನದ ಬೆಸುಗೆಗೆ ಬಳಸುವುದೂ ಇದೇ. ಹಿಂದಿನ ಕಾಲದಲ್ಲಿ ಟಿಬೆಟ್ಟಿನ ಸರೋವರಗಳ ದಡದಿಂದ ಹಿಮಾಲಯ ದಾಟಿ ನಮ್ಮ ದೇಶಕ್ಕೆ ಬರುತ್ತಿತ್ತು.

ಅಂಗಡಿಯಲ್ಲಿ ಸಾಮಾನ್ಯವಾಗಿ ಎಡವಟ್ಟಾಗುವುದು ಮೂರು ಕಡೆ. ಪಟಿಕ ಬೇರೆ, ಹಪ್ಪಳದ ಖಾರ ಬೇರೆ, ಅಡುಗೆ ಸೋಡಾ ಬೇರೆ. ನೋಡಲು ಎಲ್ಲವೂ ಬೆಳ್ಳಗೆ, ಆದರೆ ಬಿಳಿಗಾರ ಮಾಡುವ ಕೆಲಸವನ್ನು ಇವು ಮಾಡುವುದಿಲ್ಲ. ‘ಸ್ಲೈಮ್ ಕೂಡ್ತಾನೇ ಇಲ್ಲ’ ಎಂದು ಬರುವ ಫೋನುಗಳಲ್ಲಿ ಬಟ್ಟಲಿಗೆ ಬಿದ್ದಿರುವುದು ಎಷ್ಟೋ ಸಲ ಪಟಿಕವೇ.

ಬಿಳಿಗಾರ ಹರಳಿನ ತುಂಡಾಗಿ ಸಿಕ್ಕರೆ ಕುಟ್ಟಿ ಪುಡಿ ಮಾಡಬೇಕಾಗುತ್ತದೆ. ಹಳೆಯದಾದರೆ ಮೇಲೆ ಬಿಳಿ ಹಿಟ್ಟು ಕೂತಿರುತ್ತದೆ, ಕೆಟ್ಟಿದೆ ಅಂತಲ್ಲ, ಮೇಲಿನ ನೀರಿನಂಶ ಆರಿದೆ ಅಷ್ಟೇ. ಕುಟ್ಟುವಾಗ ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ. ಆ ಧೂಳು ಮೂಗಿಗೆ, ಕಣ್ಣಿಗೆ ಹೋಗಬಾರದು. ಅಡುಗೆಯ ಕುಟ್ಟಾಣಿಯನ್ನೂ ಮುಟ್ಟಬೇಡಿ, ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೇಲಿಂದ ಕಲ್ಲಿನಲ್ಲಿ ಜಜ್ಜಿದರೆ ಸಾಕು.

ಅಳತೆ ಸರಿಯಾಗಿ ಹೇಳಿ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

100 ಮಿಲಿ ಅಂಟು, 100 ಮಿಲಿ ನೀರು. ಬೇರೆ ಲೋಟದಲ್ಲಿ 240 ಮಿಲಿ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಬಿಳಿಗಾರದ ಪುಡಿ, ಮಟ್ಟಸವಾಗಿ. ರಾಶಿ ಚಮಚ ಅಲ್ಲ. ಇದು ಪೂರ್ತಿ ಕರಗಿ ನೀರು ತಿಳಿಯಾಗಬೇಕು. ತಳದಲ್ಲಿ ಹರಳು ಉಳಿದರೆ ಬಟ್ಟೆಯಲ್ಲಿ ಸೋಸಿಬಿಡಿ.

ಅಂಟು ಮತ್ತು ನೀರನ್ನು ಮಕ್ಕಳೇ ಚೆನ್ನಾಗಿ ಕಲಸಲಿ. ಬಣ್ಣವನ್ನೂ ಅವರೇ ಹಾಕಲಿ. ಆಮೇಲೆ ಬಿಳಿಗಾರದ ನೀರನ್ನು ನೀವು ಒಂದೊಂದೇ ಚಮಚ ಹಾಕಿ, ಪ್ರತಿ ಚಮಚಕ್ಕೂ ಅವರು ಕಲಸಲಿ. ಮೊದಲು ದಾರದಂತೆ ಎಳೆಎಳೆ ಬರುತ್ತದೆ, ಆಮೇಲೆ ಗಂಟುಗಂಟು. ನೋಡಿದರೆ ಎಲ್ಲಾ ಕೆಟ್ಟುಹೋಯಿತು ಅನ್ನಿಸುತ್ತದೆ. ಇಲ್ಲೇ ಎಲ್ಲರೂ ಅವಸರಪಟ್ಟು ಲೋಟವನ್ನೇ ಬಗ್ಗಿಸುವುದು. ಬೇಡ. ಕಲಸುತ್ತಾ ಇರಿ. ಬಟ್ಟಲಿನ ಅಂಚು ಬಿಟ್ಟು ಮುದ್ದೆಯಾಗಿ ಕೂಡಿಕೊಂಡ ಮೇಲೆ ಕೈಗೆ ತೆಗೆದುಕೊಂಡು ನಾದಿ. ಮೊದಲು ಅಂಟುತ್ತದೆ, ಎರಡು ಮೂರು ನಿಮಿಷ ನಾದಿದರೆ ತಾನಾಗಿಯೇ ಬಿಡುತ್ತದೆ.

ಲೋಟದ ನೀರು ಅರ್ಧ ಖರ್ಚಾಗುವುದರೊಳಗೆ ಸಾಮಾನ್ಯವಾಗಿ ಹದ ಬರುತ್ತದೆ. ಉಳಿದ ನೀರನ್ನು ಆಗಲೇ ಚೆಲ್ಲಿಬಿಡಿ. ಮೇಜಿನ ಮೇಲೆ ಬಿಟ್ಟರೆ ಯಾರೋ ಕುಡಿಯುವ ನೀರು ಅಂದುಕೊಳ್ಳುತ್ತಾರೆ. ನೋಡಲು ಬರೀ ನೀರೇ ಅಲ್ವಾ?

ಕೈಗೆ ಅಂಟುತ್ತಲೇ ಇದೆ. ಏನು ಮಾಡಲಿ?

ಇನ್ನೂ ಐದು ನಿಮಿಷ ನಾದಿ. ಆಗಲೂ ಅಂಟಿದರೆ ಅರ್ಧ ಚಮಚ ಬಿಳಿಗಾರದ ನೀರು.

ನಮ್ಮದು ರಬ್ಬರಿನ ಹಾಗೆ ಗಟ್ಟಿಯಾಗಿ, ಎಳೆದರೆ ತುಂಡಾಗುತ್ತದೆ.

ಬಿಳಿಗಾರ ಜಾಸ್ತಿ ಆಯಿತು. ಬಿಸಿ ನೀರಿನಲ್ಲಿ ಎರಡು ನಿಮಿಷ ಇಟ್ಟು ತೆಗೆದು, ನೀರು ಹಿಂಡಿ ನಾದಿ. ಬಿಸಿಗೆ ಸ್ಲೈಮ್ ಮೆತ್ತಗಾಗುತ್ತದೆ. ಸ್ವಲ್ಪ ಅಂಟನ್ನು ನೀರಲ್ಲಿ ಕದಡಿ ಸೇರಿಸಿದರೂ ಒಂದು ಮಟ್ಟಿಗೆ ಸರಿಹೋಗುತ್ತದೆ. ತೀರಾ ಗಟ್ಟಿಯಾಗಿದ್ದರೆ ಉಂಡೆ ಕಟ್ಟಿ ನೆಲಕ್ಕೆ ಪುಟಿಸಿ ಆಡಲು ಕೊಡಿ, ಚೆನ್ನಾಗಿ ಪುಟಿಯುತ್ತದೆ. ಮಕ್ಕಳು ಅದನ್ನೇ ಹೆಚ್ಚು ಇಷ್ಟಪಡುವುದುಂಟು.

ವಿಡಿಯೋದಲ್ಲಿ ಸಲೈನ್ ಅಂದರು. ಮೆಡಿಕಲ್ ಸ್ಟೋರಿನಿಂದ ತಂದು ಹಾಕಿದೆ, ಏನೂ ಆಗಲಿಲ್ಲ.

ಆಗುವುದೇ ಇಲ್ಲ. ಡ್ರಿಪ್ಸ್‌ಗೆ ಹಾಕುವ ಸಲೈನ್ ಬರೀ ಉಪ್ಪುನೀರು, 0.9 ಶೇಕಡಾ ಉಪ್ಪು. ಆ ವಿಡಿಯೋದವರು ಹೇಳಿದ್ದು ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ದ್ರಾವಣ. ಅಂಥ ಕೆಲವು ದ್ರಾವಣಗಳಲ್ಲಿ ಬೋರಿಕ್ ಆಸಿಡ್ ಮತ್ತು ಸೋಡಿಯಂ ಬೋರೇಟ್ (ಬಿಳಿಗಾರದ್ದೇ ರಾಸಾಯನಿಕ ಹೆಸರು) ಇರುತ್ತವೆ. ಕೆಲಸ ಮಾಡುವುದು ಅದು, ಉಪ್ಪಲ್ಲ. ಕನ್ನಡಕದ ಅಂಗಡಿಯಲ್ಲಿ ಕೇಳಿ, ಡಬ್ಬಿಯ ಮೇಲೆ ಬೋರೇಟ್ ಹೆಸರಿದ್ದರೆ ಮಾತ್ರ ತನ್ನಿ. 100 ಮಿಲಿ ಅಂಟಿಗೆ ಅರ್ಧ ಚಮಚ ಅಡುಗೆ ಸೋಡಾ ಕಲಸಿ, ಆಮೇಲೆ ಈ ದ್ರಾವಣ ಚಮಚ ಚಮಚವಾಗಿ. ಬಿಳಿಗಾರಕ್ಕಿಂತ ದುಬಾರಿ, ಹದ ನಿಧಾನ. ಆದರೆ ಪುಡಿ ಅಳೆಯುವ, ಕುಟ್ಟುವ ರಗಳೆ ಇಲ್ಲ. ಇದರಲ್ಲೂ ಬೋರೇಟ್ ಇದೆ ಅನ್ನುವುದನ್ನು ಮಾತ್ರ ಮರೆಯಬೇಡಿ. ‘ಬೋರಾಕ್ಸ್ ಇಲ್ಲದ ಸ್ಲೈಮ್’ ಎಂದು ಹೆಸರಿಟ್ಟು ಇದನ್ನೇ ತೋರಿಸುವವರು ಬಹಳ ಜನ ಇದ್ದಾರೆ.

ಗಂಜಿ ಹಾಕಿದರೆ ಆಗುತ್ತಾ? ಅಮೆರಿಕದವರು ಸ್ಟಾರ್ಚ್ ಹಾಕುತ್ತಾರಲ್ಲ?

ಅಲ್ಲಿ ಬಟ್ಟೆಗೆ ಹಾಕುವ ಬಾಟಲಿ ಸ್ಟಾರ್ಚಿನಲ್ಲಿ ಬೋರೇಟ್ ಬೆರೆತಿರುತ್ತದೆ. ನಮ್ಮ ಅನ್ನದ ಗಂಜಿಯಲ್ಲಿ ಎಲ್ಲಿಂದ ಬರಬೇಕು? ಕಾಟನ್ ಸೀರೆಗೆ ಹಾಕಿ, ಸ್ಲೈಮಿಗೆ ಬೇಡ.

ಕೇರಂ ಬೋರ್ಡಿನ ಪೌಡರ್?

ಅದು ಹೆಚ್ಚಾಗಿ ಬೋರಿಕ್ ಆಸಿಡ್. ಸೋಡಾ ಸೇರಿಸಿದರೆ ಸ್ವಲ್ಪ ಕೂಡಬಹುದು, ಆದರೆ ನಾನು ಮಾಡಿಸುವುದಿಲ್ಲ. ಜಿರಳೆ ಸಾಯಿಸಲು ಇಡುವುದೂ ಅದನ್ನೇ. ಬಟ್ಟೆ ಒಗೆಯುವ ಲಿಕ್ವಿಡ್ ಕೂಡ ಬೇಡ. ಕೆಲವು ಬ್ರ್ಯಾಂಡಿನಲ್ಲಿ ಕೂಡುತ್ತದೆ, ಕೆಲವದರಲ್ಲಿ ಇಲ್ಲ, ಚರ್ಮಕ್ಕಂತೂ ಉರಿ.

ಬಿಳಿಗಾರ ವಿಷ ಅಂತಾರೆ, ನೀವು ನೋಡಿದರೆ ಮಕ್ಕಳಿಗೆ ಮಾಡಿಸಿ ಅಂತೀರಿ. ಯಾವುದು ಸರಿ?

ನುಂಗಿದರೆ ಅಪಾಯ. ಚರ್ಮದ ಮೇಲೆ ಸ್ವಲ್ಪ ಹೊತ್ತು ಇದ್ದರೆ ಬಹಳಷ್ಟು ಮಕ್ಕಳಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಕೈ ಕೆಂಪಾಗಿ ಕೆರೆಯುತ್ತದೆ. ಗಾಯ, ಇಸುಬು ಇದ್ದರೆ ಒಳಗೆ ಇಳಿಯುವುದು ಜಾಸ್ತಿ. ಹಾಗಾಗಿ ಅಂಥ ಕೈಗೆ ಅಂಟಿನ ಸ್ಲೈಮ್ ಕೊಡಲೇಬಾರದು.

ಹೊರದೇಶಗಳು ಇದನ್ನು ಹಗುರವಾಗಿ ತೆಗೆದುಕೊಂಡಿಲ್ಲ. 2016ರಲ್ಲಿ ಕೆನಡಾದ ಆರೋಗ್ಯ ಇಲಾಖೆ ಮಕ್ಕಳ ಕ್ರಾಫ್ಟಿಗೆ, ಸ್ಲೈಮಿಗೆ ಬೋರಾಕ್ಸ್ ಬಳಸಬೇಡಿ ಎಂದು ಜನರಿಗೆ ಹೇಳಿತು. ಯುರೋಪಿನ ಆಟಿಕೆ ನಿಯಮದಲ್ಲಿ ಅಂಟಂಟಾದ ಆಟದ ವಸ್ತುವಿನಿಂದ ಹೊರಗೆ ಇಳಿದುಬರುವ ಬೋರಾನ್ (ಬಿಳಿಗಾರದಲ್ಲಿರುವ ಒಂದು ಮೂಲವಸ್ತು) ಕಿಲೋಗೆ 300 ಮಿಲಿಗ್ರಾಂ ಮೀರುವಂತಿಲ್ಲ.

ಈಗ ನಮ್ಮ ಬಟ್ಟಲಿನ ಲೆಕ್ಕ ನೋಡೋಣ. ಬಿಳಿಗಾರದ ತೂಕದಲ್ಲಿ ಸುಮಾರು 11 ಶೇಕಡಾ ಬೋರಾನ್. ಮೇಲಿನ ಅಳತೆಯಲ್ಲಿ ಅರ್ಧ ಲೋಟ ಖರ್ಚಾದರೆ ಸುಮಾರು 2 ಗ್ರಾಂ ಬಿಳಿಗಾರ 300 ಗ್ರಾಂ ಸ್ಲೈಮಿನೊಳಗೆ ಹೋಗುತ್ತದೆ. ಅಂದರೆ ಕಿಲೋಗೆ 700 ಮಿಲಿಗ್ರಾಂ ಮೇಲೆ ಬೋರಾನ್. ಇದು ಒಳಗಿರುವ ಒಟ್ಟು ಲೆಕ್ಕ. ಯುರೋಪಿನವರು ಅಳೆಯುವುದು ಅದರಿಂದ ಹೊರಗೆ ಇಳಿಯುವ ಪಾಲನ್ನು. ಎರಡೂ ಒಂದೇ ಅಲ್ಲ. ಆದರೂ ‘ಮನೆಯಲ್ಲಿ ಮಾಡಿದ್ದು, ಏನೂ ಆಗಲ್ಲ’ ಎಂಬ ಧೈರ್ಯಕ್ಕೆ ಈ ಲೆಕ್ಕದಲ್ಲಿ ಆಧಾರವಿಲ್ಲ.

ಅದಕ್ಕೇ ನನ್ನ ಮನೆಯ ನಿಯಮ ಹೀಗಿದೆ. ಪುಡಿ ಮತ್ತು ಅದರ ನೀರನ್ನು ಮಕ್ಕಳು ಮುಟ್ಟುವುದಿಲ್ಲ. ಹದ ಬರಲು ಎಷ್ಟು ಬೇಕೋ ಅಷ್ಟೇ ಹನಿ. ಅರ್ಧ ಗಂಟೆ ಆಟ, ಆಮೇಲೆ ಸೋಪು ಹಾಕಿ ಕೈ ತೊಳೆದೇ ಬಿಸ್ಕತ್ತು. ಆಡುವಾಗ ತಿಂಡಿ ತಟ್ಟೆ ಪಕ್ಕದಲ್ಲಿ ಇರಬಾರದು. ಇದು ನಡೆಯುವುದಿಲ್ಲ ಅನ್ನಿಸಿದರೆ ಕೆಳಗೆ ಆಲೂಗಡ್ಡೆಯದು ಬರೆದಿದ್ದೇನೆ, ಅದನ್ನು ಮಾಡಿ.

ನಮ್ಮಜ್ಜಿ ಬಿಳಿಗಾರ ಹುರಿದು ಜೇನಿನಲ್ಲಿ ಕಲಸಿ ಬಾಯಿಹುಣ್ಣಿಗೆ ಹಚ್ಚುತ್ತಿದ್ದರು. ನಮಗೇನೂ ಆಗಿಲ್ಲವಲ್ಲ?

ಈ ಪ್ರಶ್ನೆ ಪ್ರತಿ ಸಲವೂ ಬರುತ್ತದೆ, ಅದೂ ಅಜ್ಜಿಯ ಎದುರಿಗೇ! ಹಳೆಯ ಮನೆಮದ್ದು ನಿಜ. ಆದರೆ ಜೇನು ಮತ್ತು ಬೋರಾಕ್ಸ್ ಸವರಿದ ನಿಪ್ಪಲ್ ಚೀಪಿದ ಹಸುಳೆಗಳಿಗೆ ಫಿಟ್ಸ್ ಬಂದ ಪ್ರಕರಣಗಳು ಬ್ರಿಟನ್ನಿನ ವೈದ್ಯರ ದಾಖಲೆಯಲ್ಲಿವೆ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೂಡ ಕೊಡಬಾರದು ಅನ್ನುವುದು ಬೇರೆ ಮಾತು. ಅಜ್ಜಿಗೆ ಎದುರಾಡುವುದು ಬೇಡ. ಬಿಳಿಗಾರದ ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ಏರಿಸಿದರೆ ಆಯಿತು.

ಎಷ್ಟು ವರ್ಷದ ಮಕ್ಕಳಿಗೆ ಕೊಡಬಹುದು?

ಮೂರು ವರ್ಷದ ಒಳಗಿನವರಿಗೆ ಅಂಟಿನ ಸ್ಲೈಮ್ ಬೇಡವೇ ಬೇಡ, ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು. ಮೂರರಿಂದ ಐದರವರೆಗೆ ಹಿಟ್ಟಿನದು, ಅಂದರೆ ಕೆಳಗೆ ಬರೆದಿರುವ ಆಲೂಗಡ್ಡೆಯದು ಅಥವಾ ಕಾರ್ನ್‌ಫ್ಲೋರಿನದು. ಆರು ದಾಟಿದ ಮೇಲೆ, ದೊಡ್ಡವರು ಜೊತೆಗೆ ಕೂತರೆ, ಅಂಟಿನದು. ಜೊತೆಗೆ ಅಂದರೆ ಅದೇ ಮೇಜಿನಲ್ಲಿ. ಪಕ್ಕದ ಕೋಣೆಯಲ್ಲಿ ಧಾರಾವಾಹಿ ನೋಡುತ್ತಾ ಅಲ್ಲ. ಮನೆಯಲ್ಲಿ ಅಂಬೆಗಾಲಿಡುವ ತಮ್ಮನೋ ತಂಗಿಯೋ ಇದ್ದರೆ ಅಕ್ಕ ಆಡಿದ ಸ್ಲೈಮ್ ಎಲ್ಲಿ ಇಟ್ಟಳು ಅನ್ನುವುದನ್ನು ನೀವೇ ನೋಡಬೇಕು.

ಬಾಯಿಗೆ ಹಾಕಿಕೊಂಡರೆ?

ಬಾಯಿಯಲ್ಲಿರುವುದನ್ನು ತೆಗೆದು ನೀರಿನಲ್ಲಿ ಬಾಯಿ ಮುಕ್ಕಳಿಸಿಸಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. ಚೂರು ಸ್ಲೈಮ್ ಹೋಗಿದ್ದರೆ ವೈದ್ಯರಿಗೆ ಫೋನ್ ಮಾಡಿ ಕೇಳಿ. ಬಿಳಿಗಾರದ ಪುಡಿಯನ್ನೋ ನೀರನ್ನೋ ನುಂಗಿದ್ದರೆ, ಅಥವಾ ವಾಂತಿ, ಭೇದಿ, ಮಂಪರು ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ ಅಥವಾ 108ಕ್ಕೆ ಕರೆ ಮಾಡಿ. ಪುಡಿಯ ಪೊಟ್ಟಣ ಜೊತೆಗಿರಲಿ. ಕಣ್ಣಿಗೆ ಬಿದ್ದರೆ ನಲ್ಲಿ ನೀರು ಬಿಟ್ಟು ಹದಿನೈದು ನಿಮಿಷ ತೊಳೆಯಿರಿ.

ಬಿಳಿಗಾರವೇ ಬೇಡ ಅನ್ನುವವರಿಗೆ ಏನಿದೆ?

ಹಾಸನದಲ್ಲಿದ್ದುಕೊಂಡು ಈ ಪ್ರಶ್ನೆಯೇ? ಆಲೂಗಡ್ಡೆ ಇದೆಯಲ್ಲ!

ಎರಡು ಕಿಲೋ ಆಲೂಗಡ್ಡೆ ತೊಳೆದು ತುರಿಯಿರಿ. ಸಿಪ್ಪೆ ಇದ್ದರೂ ಪರವಾಗಿಲ್ಲ. ದೊಡ್ಡ ಪಾತ್ರೆಯಲ್ಲಿ ಹಾಕಿ ಮುಳುಗುವಷ್ಟು ನೀರು ಬಿಟ್ಟು ಮಕ್ಕಳ ಕೈಗೆ ಕೊಡಿ, ಐದು ನಿಮಿಷ ಚೆನ್ನಾಗಿ ಕಿವುಚಲಿ. ನೀರು ತಣ್ಣಗಿರಲಿ. ಸುಡುವ ನೀರು ಹಾಕಿದರೆ ಪಿಷ್ಟ ಬೆಂದು ಗಂಜಿಯಾಗಿಬಿಡುತ್ತದೆ, ಸುಮಾರು 60 ಡಿಗ್ರಿಗೇ ಅದು ಶುರು. ತುರಿಯನ್ನು ಬಟ್ಟೆಯಲ್ಲಿ ಹಿಂಡಿ ತೆಗೆದು ನೀರನ್ನು ಹತ್ತು ನಿಮಿಷ ಅಲುಗಾಡಿಸದೆ ಬಿಡಿ. ನೀರು ಕೆಂಪಗೆ ಕಂದುಬಣ್ಣಕ್ಕೆ ತಿರುಗುತ್ತದೆ. ಮಕ್ಕಳು ಮುಖ ಸಿಂಡರಿಸುತ್ತಾರೆ, ಹೆದರಬೇಡಿ ಅನ್ನಿ, ಹೆಚ್ಚಿಟ್ಟ ಆಲೂಗಡ್ಡೆ ಕಪ್ಪಾಗುವುದೂ ಇದೇ ಕಾರಣಕ್ಕೆ.

ಈಗ ಮೇಲಿನ ನೀರನ್ನು ಮೆಲ್ಲಗೆ ಬಗ್ಗಿಸಿ. ತಳದಲ್ಲಿ ಬೆಳ್ಳಗೆ ಒಂದು ಪದರ ಕೂತಿರುತ್ತದೆ. ಅದಕ್ಕೆ ಹೊಸ ನೀರು ಹಾಕಿ ಕದಡಿ, ಮತ್ತೆ ಹತ್ತು ನಿಮಿಷ ಬಿಟ್ಟು, ಮತ್ತೆ ಬಗ್ಗಿಸಿ. ಸುಣ್ಣದಷ್ಟು ಬೆಳ್ಳಗಿನ ಪಿಷ್ಟ ಉಳಿಯುತ್ತದೆ, ಎರಡು ಕಿಲೋಗೆ ಒಂದು ಬೊಗಸೆ ಸಿಕ್ಕರೆ ಹೆಚ್ಚು. ಇದನ್ನು ಬೆರಳಿನಿಂದ ಗುದ್ದಿ ನೋಡಿ, ಕಲ್ಲು. ಅಂಗೈಯಲ್ಲಿ ಸುಮ್ನೆ ಹಿಡಿದುಕೊಳ್ಳಿ, ಸೋರಿ ಹೋಗುತ್ತದೆ. ಉಂಡೆ ಮಾಡುತ್ತಾ ಇದ್ದರೆ ಉಂಡೆ, ಕೈ ನಿಲ್ಲಿಸಿದರೆ ಹಾಲು. ಮಕ್ಕಳು ಇದರ ಮುಂದೆ ಗಂಟೆಗಟ್ಟಲೆ ಕೂರುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಅಂಗಡಿಯಿಂದ ಬಂದ ಪುಡಿಯಲ್ಲ, ತಾವೇ ಆಲೂಗಡ್ಡೆಯಿಂದ ತೆಗೆದದ್ದು ಅನ್ನುವ ಹೆಮ್ಮೆ ಇದೆಯಲ್ಲ, ಅದು ಫೆವಿಕಾಲ್ ಸ್ಲೈಮಿನಲ್ಲಿ ಬರುವುದಿಲ್ಲ. ನನ್ನನ್ನು ಕೇಳಿದರೆ ಎರಡರಲ್ಲಿ ಇದೇ ಮೇಲು.

ಎರಡು ಎಚ್ಚರಿಕೆ. ಮಳೆ ಶುರುವಿನಲ್ಲಿ ಜಲಂಧರ್‌ನಿಂದ ಬರುವ ಬಿತ್ತನೆ ಆಲೂಗಡ್ಡೆ ಮನೆಯಲ್ಲಿದ್ದರೆ ಅದನ್ನು ಮುಟ್ಟಬೇಡಿ. ಬಿತ್ತನೆಗೆ ಮುಂಚೆ ಅದಕ್ಕೆ ಔಷಧಿ ಹಚ್ಚಿರುತ್ತಾರೆ. ಹಸಿರು ಬಿದ್ದ ಗೆಡ್ಡೆಯೂ ಬೇಡ. ಹಿಂಡಿದ ತುರಿಯನ್ನು ಬಿಸಾಡಬೇಕಿಲ್ಲ. ಸಿಪ್ಪೆ ತೆಗೆದಿದ್ದರೆ, ಕೈ ಮತ್ತು ಪಾತ್ರೆ ಶುಚಿಯಾಗಿದ್ದರೆ, ಸ್ವಲ್ಪ ಹಿಟ್ಟು, ಹಸಿಮೆಣಸಿನಕಾಯಿ ಹಾಕಿ ರೊಟ್ಟಿ ತಟ್ಟಬಹುದು.

ಅಷ್ಟು ಪುರುಸೊತ್ತಿಲ್ಲ. ಅಂಗಡಿ ಕಾರ್ನ್‌ಫ್ಲೋರ್ ಆಗುತ್ತಾ?

ಧಾರಾಳವಾಗಿ. ಎರಡು ಲೋಟ ಕಾರ್ನ್‌ಫ್ಲೋರ್‌ಗೆ ಒಂದು ಲೋಟ ನೀರು. ಗೋಬಿ ಮಂಚೂರಿಗೆ ಹಾಕುವ ಬಿಳಿ ಪುಡಿ ಅದು. ಗಿರಣಿಯಲ್ಲಿ ಬೀಸಿಸಿದ ಮೆಕ್ಕೆಜೋಳದ ಹಳದಿ ಹಿಟ್ಟಿನಲ್ಲಿ ಆಗುವುದಿಲ್ಲ. ಅದರಲ್ಲಿ ನಾರು, ಪ್ರೋಟೀನು ಎಲ್ಲವೂ ಇರುತ್ತವೆ, ಬರೀ ಹಿಟ್ಟು ಕಲಸಿದಂತಾಗುತ್ತದೆ.

ಇಸಬ್ಗೋಲ್, ಬೆಂಡೆಕಾಯಿ, ದಾಸವಾಳದ ಎಲೆ?

ಇಸಬ್ಗೋಲ್ ಚೆನ್ನಾಗಿ ಬರುತ್ತದೆ. ಒಂದು ಲೋಟ ನೀರಿಗೆ ಒಂದು ಚಮಚ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಗಟ್ಟಿ ಲೋಳೆಯಾಗುವವರೆಗೆ ಕುದಿಸಿ. ಪೂರ್ತಿ ಆರಿದ ಮೇಲೇ ಮಕ್ಕಳ ಕೈಗೆ. ಒಣ ಇಸಬ್ಗೋಲ್ ಮಕ್ಕಳ ಬಾಯಿಗೆ ಹೋಗಬಾರದು, ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ.

ದಾಸವಾಳದ ಎಲೆ ಕಿವುಚಿದರೆ ಬರುವ ಲೋಳೆ ತಲೆಸ್ನಾನಕ್ಕೆ ಒಳ್ಳೆಯದು, ಸ್ಲೈಮಿನಂತೆ ಎಳೆಯಲು ಬರುವುದಿಲ್ಲ. ಕಿವುಚಲು ಕೊಟ್ಟರೆ ಮಕ್ಕಳಿಗೆ ಅದೂ ಖುಷಿಯೇ. ಬೆಂಡೆಕಾಯಿ ಪಲ್ಯಕ್ಕಿರಲಿ.

ಇನ್ನೊಂದು ಸ್ವಾರಸ್ಯ ಇದೆ. 1976ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಸಣ್ಣ ಕಸದ ಡಬ್ಬಿಯಾಕಾರದ ಡಬ್ಬದಲ್ಲಿ ತುಂಬಿ ಮಾರಿದ ಹಸಿರು ಸ್ಲೈಮಿನಲ್ಲಿ ಅಂಟೇ ಇರಲಿಲ್ಲ. ಅದರಲ್ಲಿದ್ದದ್ದು ಗೌರ್ ಗಮ್, ಅಂದರೆ ನಮ್ಮ ಗೋರಿಕಾಯಿಯ ಬೀಜದಿಂದ ತೆಗೆದ ಪುಡಿ, ಜೊತೆಗೆ ಬೋರಾಕ್ಸ್.

ಬಣ್ಣಕ್ಕೆ ಏನು ಹಾಕಲಿ? ಅರಿಶಿನ ಹಾಕಿದೆ, ಕೆಂಪಾಯಿತು!

ಆಗಲೇಬೇಕು. ಬಿಳಿಗಾರದ ನೀರು ಕ್ಷಾರ. ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುತ್ತದೆ. ಮನೆಯಲ್ಲಿ ಕುಂಕುಮ ಮಾಡುತ್ತಿದ್ದ ಹಳಬರನ್ನು ಕೇಳಿ, ಅರಿಶಿನದ ಕೊಂಬಿಗೆ ಬಿಳಿಗಾರ, ಪಟಿಕ, ನಿಂಬೆರಸ ಸೇರಿಸಿಯೇ ಕೆಂಪು ತರಿಸುತ್ತಿದ್ದರು. ಇದನ್ನು ಆಟವಾಗಿ ಮಾಡಿ. ಅಂಟಿಗೆ ಅರಿಶಿನ ಹಾಕಿ ಹಳದಿ ಮಾಡಿಟ್ಟು, ‘ನಾನೀಗ ಬರೀ ನೀರು ಹಾಕ್ತೀನಿ, ಯಾವ ಬಣ್ಣ ಬರುತ್ತೆ?’ ಎಂದು ಪಂದ್ಯ ಕಟ್ಟಿ. ಅರಿಶಿನದ ಕಲೆ ಬಟ್ಟೆಯಿಂದ ಹೋಗದು, ಹಳೆ ಅಂಗಿ ಹಾಕಿಸಿ.

ಕೆಂಪು ದಾಸವಾಳದ ಹೂವಿನ ರಸ ಹಾಕಿದರೆ ಹಸಿರಿನ ಕಡೆ ತಿರುಗುತ್ತದೆ. ಮಾಮೂಲಿ ಬಣ್ಣ ಬೇಕಾದರೆ ಕೇಸರಿಬಾತ್‌ಗೆ ಹಾಕುವ ಫುಡ್ ಕಲರ್ ಎರಡು ಹನಿ ಸಾಕು. ಹೋಳಿ ಬಣ್ಣ, ಪೇಂಟ್ ಬೇಡ.

ಮಗ ಸ್ಲೈಮನ್ನು ಶಾಲೆಯ ವಸ್ತುಪ್ರದರ್ಶನಕ್ಕೆ ಇಡುತ್ತಾನೆ. ಯಾಕೆ ಹೀಗಾಗುತ್ತದೆ ಎಂದು ಟೀಚರ್ ಕೇಳಿದರೆ ಏನು ಹೇಳಬೇಕು?

ಅಂಟು ಅಂದರೆ ಉದ್ದುದ್ದ ಸರಪಣಿಯಂಥ ಅಣುಗಳು. ಆಗ ತಾನೇ ಒತ್ತಿದ ಶಾವಿಗೆಯ ಎಳೆಗಳು ಒಂದರ ಮೇಲೊಂದು ಜಾರುವಂತೆ ಇವು ಜಾರಾಡುತ್ತಿರುತ್ತವೆ, ಅದಕ್ಕೇ ಅಂಟು ಹರಿಯುತ್ತದೆ. ಬಿಳಿಗಾರ ನೀರಿನಲ್ಲಿ ಕರಗಿದಾಗ ಬೋರೇಟ್ ಅಯಾನು (ವಿದ್ಯುದಾವೇಶ ಇರುವ ಕಣ) ಹುಟ್ಟುತ್ತದೆ. ಅದು ಒಂದು ಎಳೆಯನ್ನು ಪಕ್ಕದ ಎಳೆಗೆ ಅಲ್ಲಲ್ಲಿ ಹಿಡಿದು ಕಟ್ಟುತ್ತದೆ. ಎಳೆಗಳೆಲ್ಲ ಸೇರಿ ಬಲೆಯಾಯಿತು, ಆ ಬಲೆಯೊಳಗೆ ನೀರು ಸಿಕ್ಕಿಕೊಂಡಿತು.

ಈ ಕಟ್ಟು ಗಟ್ಟಿಯಲ್ಲ, ಬಿಚ್ಚುತ್ತಾ ಮತ್ತೆ ಕಟ್ಟಿಕೊಳ್ಳುತ್ತಾ ಇರುತ್ತದೆ. ನಿಧಾನ ಎಳೆದರೆ ಬಿಚ್ಚಿ ಕಟ್ಟಿಕೊಳ್ಳಲು ಸಮಯ ಸಿಗುತ್ತದೆ, ಸ್ಲೈಮ್ ಉದ್ದಕ್ಕೆ ಬರುತ್ತದೆ. ಜೋರಾಗಿ ಎಳೆದರೆ ಸಮಯ ಸಿಗದೆ ಪಟ್ಟೆಂದು ಹರಿಯುತ್ತದೆ. ಎರಡನ್ನೂ ಮೇಜಿನ ಮೇಲೆ ಮಾಡಿ ತೋರಿಸಲಿ. ಆಲೂಗಡ್ಡೆಯದು ಬೇರೆ ವಿಚಾರ. ಅಲ್ಲಿ ಯಾವ ಕಟ್ಟೂ ಇಲ್ಲ. ಪಿಷ್ಟದ ಕಣಗಳ ನಡುವೆ ನೀರಿದೆ, ಗುದ್ದಿದಾಗ ಕಣಗಳು ಒಂದಕ್ಕೊಂದು ಒತ್ತಿಕೊಂಡು ಸರಿಯಲು ದಾರಿಯಿಲ್ಲದೆ ನಿಲ್ಲುತ್ತವೆ. ಎರಡೂ ಬಟ್ಟಲು ಅಕ್ಕಪಕ್ಕ ಇಟ್ಟರೆ ಟೀಚರ್ ಕೂಡ ಒಂದು ಗಳಿಗೆ ನಿಲ್ಲುತ್ತಾರೆ.

ದಯವಿಟ್ಟು ಇದನ್ನು ಮಗ ತನ್ನ ಮಾತಿನಲ್ಲಿ ಹೇಳಲಿ. ನೀವು ಬರೆದುಕೊಟ್ಟು ಬಾಯಿಪಾಠ ಮಾಡಿಸಬೇಡಿ.

ಜಾತ್ರೆಯಲ್ಲಿ ಸಣ್ಣ ಡಬ್ಬಿಯ ಸ್ಲೈಮ್ ಮಾರುತ್ತಾರೆ. ಅದೇ ಸುಲಭ ಅಲ್ವಾ?

ಸುಲಭ ನಿಜ. ಒಳಗೇನಿದೆ ಅನ್ನುವುದು ಡಬ್ಬಿಯ ಮೇಲೆ ಇರುವುದಿಲ್ಲ. 2018ರಲ್ಲಿ ಬ್ರಿಟನ್ನಿನ ಗ್ರಾಹಕರ ಸಂಸ್ಥೆಯೊಂದು ಮಾರಾಟಕ್ಕಿದ್ದ 11 ಸ್ಲೈಮ್‌ಗಳನ್ನು ಪರೀಕ್ಷಿಸಿದಾಗ 8ರಲ್ಲಿ ಬೋರಾನ್ ಯುರೋಪಿನ ಮಿತಿ ದಾಟಿತ್ತು. ಅವು ಹೆಸರಿದ್ದ ಅಂಗಡಿಗಳಲ್ಲಿ ಸಿಗುವ ಮಾಲು. ಕೊಳ್ಳುವುದೇ ಆದರೆ ತಯಾರಕರ ವಿಳಾಸ, ವಯಸ್ಸು ಮತ್ತು ಐ.ಎಸ್.ಐ. ಗುರುತು ನೋಡಿ. ಭಾರತದಲ್ಲಿ ಆಟಿಕೆಗಳಿಗೆ ಈ ಗುರುತು 2021ರಿಂದ ಕಡ್ಡಾಯ.

ಶೇವಿಂಗ್ ಫೋಮ್, ಥರ್ಮಾಕೋಲ್ ಗುಂಡು, ಮಿಂಚಿನ ಪುಡಿ, ಆಯಸ್ಕಾಂತ ಇವೆಲ್ಲ?

ಫೋಮ್ ಹಾಕಿದರೆ ಸ್ಲೈಮ್ ಉಬ್ಬಿ ಹಗುರವಾಗುತ್ತದೆ, ನಾಳೆಗೆ ಇಳಿದುಹೋಗುತ್ತದೆ. ಜೆಲ್ ಅಲ್ಲ, ಫೋಮೇ ಬೇಕು. ಅಪ್ಪನನ್ನು ಕೇಳಿ ತೆಗೆದುಕೊಳ್ಳಿ. ಥರ್ಮಾಕೋಲ್ ಮನೆಯೆಲ್ಲ ಹಾರುತ್ತದೆ. ಮಿಂಚಿನ ಪುಡಿ ಕಣ್ಣಿಗೂ ಕೆಟ್ಟದ್ದು, ಮಣ್ಣಿಗೂ ಕೆಟ್ಟದ್ದು. ಪುಟ್ಟ ಶಕ್ತಿಶಾಲಿ ಆಯಸ್ಕಾಂತದ ಗುಂಡುಗಳನ್ನು ಮನೆಗೇ ತರಬೇಡಿ. ಎರಡು ನುಂಗಿದರೆ ಕರುಳನ್ನೇ ಕಚ್ಚಿಕೊಂಡು ತೂತು ಮಾಡುತ್ತವೆ.

ಅಕ್ಕಾ, ನಿಮ್ಮ ಸ್ಲೈಮ್ ಚೆನ್ನಾಗಿರುತ್ತೆ, ಸಕಲೇಶಪುರದಲ್ಲಿ ನಮ್ಮದು ಬೂಸ್ಟು ಹಿಡಿಯಿತು. ಅರಸೀಕೆರೆಯ ನಾದಿನಿ ಅವಳದು ಒಣಗಿತು ಅಂತಾಳೆ.

ಒಂದೇ ಜಿಲ್ಲೆ, ಹವೆ ಎರಡು. ಘಟ್ಟದ ಕಡೆ ಜೂನ್‌ನಿಂದ ಗಾಳಿಯಲ್ಲೇ ತೇವ. ಮೂಡಿಗೆರೆ, ಕೊಪ್ಪದಲ್ಲೂ ಹಾಗೇ. ಚಪ್ಪಲಿಗೇ ಬೂಸ್ಟು ಬರುವ ಊರಲ್ಲಿ ಸ್ಲೈಮ್ ಬಿಡುತ್ತದೆಯೇ? ಅಲ್ಲಿನವರು ಆಡುವ ಮೊದಲೂ ಕೈ ತೊಳೆಯಿರಿ, ಕಾಯಿಸಿ ಆರಿಸಿದ ನೀರು ಬಳಸಿ, ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಡಬ್ಬಿಯ ಮೇಲೆ ಹೆಸರು ಕಡ್ಡಾಯ. ಒಂದು ವಾರ ಆಡಿ ಎಸೆಯಿರಿ. ಚುಕ್ಕೆ ಕಂಡರೆ, ವಾಸನೆ ಬಂದರೆ ಅವತ್ತೇ.

ಅರಸೀಕೆರೆ, ಕಡೂರಿನ ಒಣ ಗಾಳಿಗೆ ನೀರು ಬೇಗ ಆರುತ್ತದೆ. ಅಲ್ಲಿ ಫ್ಯಾನಿನ ಕೆಳಗೆ ಆಡಬೇಡಿ, ಆಟ ಮುಗಿದ ಕೂಡಲೇ ಮುಚ್ಚಿಡಿ, ಗಟ್ಟಿಯಾದರೆ ಬೆಚ್ಚಗಿನ ನೀರು ಚಿಮುಕಿಸಿ ನಾದಿ. ಚಿಕ್ಕಮಗಳೂರಿನ ಡಿಸೆಂಬರ್ ಚಳಿಗೆ ಬೆಳಿಗ್ಗೆ ಸ್ಲೈಮ್ ಸೆಟೆದುಕೊಂಡಿದ್ದರೆ ಅದು ಕೆಟ್ಟಿಲ್ಲ, ಅಂಗೈಯ ಬಿಸಿಗೆ ಸರಿಹೋಗುತ್ತದೆ. ಆಲೂಗಡ್ಡೆಯದು ಹಸಿಯಾಗಿಟ್ಟರೆ ಮಾರನೇ ದಿನಕ್ಕೇ ಹುಳಿ ನಾರುತ್ತದೆ. ತಟ್ಟೆಯಲ್ಲಿ ಹರಡಿ ಬಿಸಿಲಿಗೆ ಒಣಗಿಸಿ ಪುಡಿ ಮಾಡಿಟ್ಟುಕೊಳ್ಳಿ, ಬೇಕಾದಾಗ ನೀರು ಹಾಕಿದರೆ ಮತ್ತೆ ಅದೇ ಆಟ.

ಯೂನಿಫಾರಂಗೆ, ಸೋಫಾಗೆ, ಜಡೆಗೆ ಅಂಟಿದೆ. ಬಿಡಿಸುವುದು ಹೇಗೆ?

ಬಟ್ಟೆಯಾದರೆ ಮೊದಲು ಚಮಚದಲ್ಲಿ ಕೆರೆದು ತೆಗೆಯಿರಿ. ಅಡುಗೆ ವಿನೆಗರ್ ಅಥವಾ ನಿಂಬೆರಸ ಹಾಕಿ ಐದು ನಿಮಿಷ ಬಿಡಿ. ಹುಳಿಗೆ ಬೋರೇಟಿನ ಕಟ್ಟು ಬಿಚ್ಚಿ ಸ್ಲೈಮ್ ಮತ್ತೆ ತೆಳು ಅಂಟಾಗುತ್ತದೆ. ಆಮೇಲೆ ಬೆಚ್ಚಗಿನ ನೀರು, ಸೋಪು. ಒಣಗಿ ಹೋಗಿದ್ದರೆ ಇನ್ನೊಂದು ಸಲ. ಸೋಫಾಗೂ ಇದೇ, ಆದರೆ ಮೊದಲು ಕಾಣದ ಮೂಲೆಯಲ್ಲಿ ಬಣ್ಣ ಬಿಡುತ್ತದೆಯೇ ನೋಡಿ.

ಹಳೆ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಮಾತ್ರ ವಿನೆಗರ್ ಸುರಿಯಬೇಡಿ, ಹುಳಿಗೆ ಹೊಳಪು ಹೋಗುತ್ತದೆ. ಅಲ್ಲಿ ಬಿಸಿ ನೀರಿನ ಬಟ್ಟೆ ಹಾಸಿ ಮೆತ್ತಗಾದ ಮೇಲೆ ಎತ್ತಿ. ಕೂದಲಿಗೆ ಕೊಬ್ಬರಿ ಎಣ್ಣೆ ಸವರಿ ಎಳೆ ಎಳೆಯಾಗಿ ಬಿಡಿಸಿ, ಹತ್ತು ನಿಮಿಷ ತಾಳ್ಮೆ ಬೇಕು. ಕತ್ತರಿಯನ್ನು ಕೊನೆಗೂ ತೆಗೆಯಬೇಕಾಗುವುದಿಲ್ಲ.

ಆಡಿ ಮುಗಿದ ಸ್ಲೈಮನ್ನು ಏನು ಮಾಡುವುದು?

ಸಿಂಕಿಗೂ ಬೇಡ, ಬಚ್ಚಲಿಗೂ ಬೇಡ, ಪೈಪು ಕಟ್ಟಿಕೊಳ್ಳುತ್ತದೆ. ಹಿಟ್ಟಿನದೂ ಪೈಪಿನ ತಳದಲ್ಲಿ ಕೂರುತ್ತದೆ. ಅಂಟಿನ ಸ್ಲೈಮನ್ನು ಹಳೆ ಪೇಪರಿನ ಮೇಲೆ ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ, ಮಡಚಿ ಕಸದ ಗಾಡಿಯ ಒಣ ಕಸಕ್ಕೆ ಹಾಕಿ. ಗಿಡದ ಬುಡಕ್ಕೆ ಹಾಕಬೇಡಿ. ಬೋರಾನ್ ಗಿಡಕ್ಕೆ ಚೂರೇ ಚೂರು ಬೇಕು, ಜಾಸ್ತಿಯಾದರೆ ಎಲೆಯ ಅಂಚು ಸುಡುತ್ತದೆ. ಆಲೂಗಡ್ಡೆಯ ಪಿಷ್ಟವನ್ನು ಬಣ್ಣ ಹಾಕಿರದಿದ್ದರೆ ಹಿತ್ತಲಿನ ಗೊಬ್ಬರದ ಗುಂಡಿಗೆ ಹಾಕಬಹುದು.